ಸೀಳಿದ ರೂಪಾಯಿ

“ಗುರುಗಳೇ, ನಾನು ಕಳೆದುಕೊಂಡದ್ದು ನನಗೆ ಮರಳಿ ಬಂದರೆ ಅದರಲ್ಲಿ ತಪ್ಪೇನಿದೆ?” ಎಂದು ಶಿಷ್ಯ ಕೇಳಿದ.

“ಹೇಗೆ ಬಂತು ಎಂಬುದನ್ನು ಹೇಳು,” ಎಂದರು ಗುರುಗಳು.

“ನಿನ್ನೆ ಸಂತೆಯಲ್ಲಿ ಯಾರೋ ನನಗೊಂದು ಖೋಟಾ ನೋಟು ದಾಟಿಸಿದ್ದರು. ಮಠಕ್ಕೆ ಬಂದು ಬೆಳಕಿಗೆ ಹಿಡಿದಾಗ ಗೊತ್ತಾಯಿತು. ಇವತ್ತು ಪೂಜೆಗೆ ಹೂವು ತರುವಾಗ ಅದನ್ನೇ ಕೊಟ್ಟೆ. ಹೂವಿನವಳು ನೋಡದೆ ಸೆರಗಿನ ಗಂಟಿಗೆ ಹಾಕಿಕೊಂಡಳು, ಚಿಲ್ಲರೆಯನ್ನೂ ಕೊಟ್ಟಳು. ನಾನಾಗಿ ಯಾರಿಗೂ ಮೋಸ ಮಾಡಲು ಹೊರಟವನಲ್ಲ. ನನಗೆ ಬಂದದ್ದನ್ನು ಮುಂದಕ್ಕೆ ಕಳಿಸಿದೆ, ಅಷ್ಟೆ.”

ಗುರುಗಳು ಒಂದು ಕತೆ ಹೇಳಿದರು.

ಅದು ಎಲ್ಲ ದಿನಗಳಂಥ ಒಂದು ದಿನ. ಒಬ್ಬ ಪಾತ್ರೆ ವ್ಯಾಪಾರಿ ಅಂಗಡಿಯ ಬಾಗಿಲು ತೆಗೆದು, ಕಸ ಗುಡಿಸಿ, ಕಂಚಿನ ತಟ್ಟೆಗಳನ್ನು ಒರೆಸುತ್ತಿದ್ದ. ಕೊರಿಯರ್‌ನವನು ಬಂದು ಚಿಕ್ಕ ಪೊಟ್ಟಣವೊಂದನ್ನು ಕೊಟ್ಟು ಹೋದ. ಅದರಲ್ಲಿ ಒಂದು ಹಳೆಯ ಬೆಳ್ಳಿ ರೂಪಾಯಿ ಇತ್ತು.

ವ್ಯಾಪಾರಿಯ ಹೆಂಡತಿ ಅಂಥ ರೂಪಾಯಿಗಳನ್ನು ಸಂಗ್ರಹಿಸುತ್ತಿದ್ದಳು. ವರ್ಷಕ್ಕೊಂದರಂತೆ, ಗುಳಿಗಳಿದ್ದ ಮರದ ಪೆಟ್ಟಿಗೆಯಲ್ಲಿ ಜೋಡಿಸಿದ್ದಳು. ಒಂದು ವರ್ಷದ್ದು ಮಾತ್ರ ಸಿಕ್ಕಿರಲಿಲ್ಲ. ಅದಕ್ಕೆಂದೇ ಸಾಸಿವೆ ಡಬ್ಬಿಯಲ್ಲಿ ಹಣ ಕೂಡಿಸಿದಳು. ಹಣ ಸಾಕಷ್ಟಾಗುವ ಹೊತ್ತಿಗೆ ತೀರಿಕೊಂಡಳು. ವರ್ಷದ ತಿಥಿಯೊಳಗೆ ಪೆಟ್ಟಿಗೆ ತುಂಬಬೇಕೆಂದು ವ್ಯಾಪಾರಿ ಮೊಬೈಲಿನಲ್ಲಿ ಹುಡುಕಿದ. ಒಂದು ಆನ್‌ಲೈನ್ ಮಳಿಗೆಯಲ್ಲಿ ಯಾರೋ ಮಾರಾಟಕ್ಕಿಟ್ಟಿದ್ದ ಅದೇ ವರ್ಷದ ರೂಪಾಯಿ ಕಂಡಿತು. ಡಬ್ಬಿಯ ಹಣವನ್ನೆಲ್ಲ ಕೊಟ್ಟು ತರಿಸಿದ.

ರೂಪಾಯಿ ನೋಡಲು ಚೆನ್ನಾಗಿತ್ತು. ಗುಳಿಯಲ್ಲಿ ಸರಿಯಾಗಿ ಕೂತಿತು. ಆದರೆ ವ್ಯಾಪಾರಿಯ ಹಿರಿಯರು ಚಿನಿವಾರರು, ಪೇಟೆಯಲ್ಲಿ ಕುಳಿತು ನಾಣ್ಯಗಳನ್ನು ಪರೀಕ್ಷಿಸುತ್ತಿದ್ದವರು. ಅವರಿಂದ ಬಂದ ಅಭ್ಯಾಸದಂತೆ ಅವನು ಅದನ್ನು ಎತ್ತಿ ಹೊಸ್ತಿಲ ಕಲ್ಲಿನ ಮೇಲೆ ಬೀಳಿಸಿದ. ಬೆಳ್ಳಿಯಾದರೆ ಠಣ್ಣೆನ್ನಬೇಕು. ಇದು ದೊಪ್ಪೆಂದಿತು.

ಅವನು ಮಾರಿದವನಿಗೆ ಫೋನ್ ಮಾಡಿದ.

“ಸದ್ದು ಕೇಳಿ ಖೋಟಾ ಅಂತೀರಲ್ಲ ಯಜಮಾನ್ರೇ,” ಎಂದು ಮಾರಿದವನು ನಕ್ಕ. “ಆ ರೂಪಾಯಿಯಷ್ಟು ವಯಸ್ಸಾದರೆ ನಿಮಗೂ ಗಂಟಲು ಕಟ್ಟುತ್ತೆ. ಹೋಗಲಿ, ಜಗಳ ಬೇಡ. ಒಂದು ಗೀರೂ ಬೀಳದ ಹಾಗೆ ವಾಪಸ್ ಕಳಿಸಿ. ದುಡ್ಡು ಹಾಕ್ತೀನಿ.”

“ಕಳಿಸಿದರೆ ಇದನ್ನ ಏನು ಮಾಡ್ತೀಯಪ್ಪ?”

“ನಿಮಗೆ ಬೇಡವಾದರೆ ಬೇಕು ಅನ್ನೋರು ಇಲ್ಲವಾ? ನಿಮ್ಮ ದುಡ್ಡು ನಿಮಗೆ ಬಂತಲ್ಲ, ಮಿಕ್ಕಿದ್ದು ನಿಮಗ್ಯಾಕೆ?”

ವ್ಯಾಪಾರಿ ರೂಪಾಯಿಯನ್ನು ಮತ್ತೆ ಪೊಟ್ಟಣಕ್ಕೆ ಹಾಕಿದ. ಕೊಟ್ಟದ್ದು ಹೆಂಡತಿ ಕೂಡಿಸಿದ ಹಣ. ಬಿಟ್ಟುಬಿಡಲು ಮನಸ್ಸಿರಲಿಲ್ಲ. ಪೊಟ್ಟಣಕ್ಕೆ ದಾರ ಹುಡುಕುವಾಗ ಗೋಡೆಯ ಗೂಡಿನಲ್ಲಿ ಅಜ್ಜನ ಉಳಿ ಕಣ್ಣಿಗೆ ಬಿತ್ತು. ಆಯುಧಪೂಜೆಯಂದು ಹಚ್ಚಿದ ಕುಂಕುಮ ಅದರ ಮೇಲೆ ಇನ್ನೂ ಇತ್ತು.

ಚಿನಿವಾರರಲ್ಲಿ ಒಂದು ಕಟ್ಟಳೆ ಇತ್ತು. ಖೋಟಾ ನಾಣ್ಯ ಅವರ ಕೈಗೆ ಬಂದರೆ ಇಡಿಯಾಗಿ ಹೊರಗೆ ಹೋಗುವಂತಿಲ್ಲ. ತಂದವನು ಅತ್ತರೂ ಬೈದರೂ ಉಳಿಯಿಂದ ಸೀಳಿಯೇ ಕೈಗೆ ಕೊಡುತ್ತಿದ್ದರು. ಸೀಳಿದ ನಾಣ್ಯ ಮತ್ತೊಬ್ಬನಿಗೆ ಮೋಸ ಮಾಡಲಾರದು.

ವ್ಯಾಪಾರಿ ಉಳಿಯನ್ನು ಗೂಡಿನಿಂದ ತೆಗೆದ. ಗೀರು ಬಿದ್ದರೆ ಹಣ ಬರುವುದಿಲ್ಲ. ಹಣ ಬಾರದಿದ್ದರೆ ಅವಳು ಬಯಸಿದ ರೂಪಾಯಿಯನ್ನು ಮುಂದೆ ಕೊಳ್ಳುವುದಕ್ಕೂ ಆಗುವುದಿಲ್ಲ. ಆದರೂ ಅವನು ಪೊಟ್ಟಣ ಬಿಚ್ಚಿ, ರೂಪಾಯಿಯನ್ನು ಹೊಸ್ತಿಲ ಮೇಲಿಟ್ಟು, ಉಳಿಯಿಟ್ಟು ಒಂದೇ ಏಟು ಹಾಕಿದ.

ಮೇಲೆ ಕೂದಲೆಳೆಯಷ್ಟು ಬೆಳ್ಳಿ. ಒಳಗೆಲ್ಲ ಕಪ್ಪು ಸೀಸ.

ಸದ್ದನ್ನು ತೋರಿಸಲು ಆಗಿರಲಿಲ್ಲ. ಸೀಸವನ್ನು ತೋರಿಸಬಹುದಿತ್ತು. ವ್ಯಾಪಾರಿ ಸೀಳಿನ ಫೋಟೊ ತೆಗೆದು ಮಳಿಗೆ ನಡೆಸುವ ಕಂಪನಿಗೆ ಕಳಿಸಿದ. ಮಾಲು ಕೆಡಿಸಿದ್ದಾರೆ, ಹಣ ಕೊಡಬೇಡಿ ಎಂದು ಮಾರಿದವನು ದೂರು ಬರೆದ. ಕಂಪನಿಯವರು ಫೋಟೊ ನೋಡಿದರು. ಕೆಡುವುದಕ್ಕೆ ಅದರಲ್ಲಿ ಒಳ್ಳೆಯದೇನೂ ಇರಲಿಲ್ಲ. ಅವರು ವ್ಯಾಪಾರಿಯ ಹಣವನ್ನು ಪೂರ್ತಿ ಹಿಂದಿರುಗಿಸಿದರು. ಸೀಳಿದ್ದನ್ನು ಕಳಿಸುವುದು ಬೇಡವೆಂದರು. ಮಾರಿದವನನ್ನು ಮಳಿಗೆಯಿಂದ ಹೊರಗೆ ಹಾಕಿದರು. ಅವನಿಂದ ಅದೇ ರೂಪಾಯಿ ಕೊಂಡಿದ್ದ ಎಲ್ಲರಿಗೂ ಹಣ ಮರಳಿತು. ಅವರಲ್ಲಿ ಹಲವರಿಗೆ ತಾವು ಮೋಸ ಹೋದದ್ದೇ ತಿಳಿದಿರಲಿಲ್ಲ. ತಿಳಿದವರು ನಾಚಿಕೊಂಡು ಬಾಯಿ ಮುಚ್ಚಿಕೊಂಡಿದ್ದರು.

ತಿಥಿಯ ದಿನ ವ್ಯಾಪಾರಿ ಪೆಟ್ಟಿಗೆಯನ್ನು ಹೆಂಡತಿಯ ಪಟದ ಮುಂದೆ ತೆರೆದಿಟ್ಟ. ಒಂದು ಗುಳಿ ಖಾಲಿ ಇತ್ತು. ಸಾಸಿವೆ ಡಬ್ಬಿ ತುಂಬಿತ್ತು. ಊಟಕ್ಕೆ ಬಂದ ನೆಂಟರಿಗೆಲ್ಲ ಸೀಳಿದ ರೂಪಾಯಿಯನ್ನು ತೋರಿಸಿದ. ಅವಳು ಹೋದ ಮೇಲೆ ಅವನು ನಕ್ಕದ್ದನ್ನು ಅವರು ನೋಡಿದ್ದು ಅಂದೇ.

ಕತೆ ಅಲ್ಲಿಗೆ ನಿಂತಿತು. ಶಿಷ್ಯನ ಮುಖ ಅರಳಿತ್ತು.

“ಗೆದ್ದನಲ್ಲ ಗುರುಗಳೇ,” ಎಂದ. “ಆದರೆ ಅವನ ರೂಪಾಯಿ ಅವನ ಕೈಯಲ್ಲೇ ಇತ್ತು. ನನ್ನ ನೋಟು ಆಗಲೇ ಕೈಬಿಟ್ಟು ಹೋಯಿತು. ಇನ್ನೇನು ಮಾಡಲಿ?” ಎಂದು ಕೇಳಿದ.

“ಹೂವಿನವಳು ದೀಪ ಹಚ್ಚುವ ಹೊತ್ತಿನವರೆಗೂ ಗುಡಿಯ ಮುಂದೆ ಕುಳಿತಿರುತ್ತಾಳೆ,” ಎಂದರು ಗುರುಗಳು.