ಮೊದಲ ನೀರು

ಕನಕಪುರದ ಕಡೆ, ಹಿಪ್ಪುನೇರಳೆ ತೋಟಗಳ ನಡುವೆ ಶಿಲುಬೆಪಾಳ್ಯ ಎಂಬ ಸಣ್ಣ ಊರು. ಅಲ್ಲಿಯ ದೇವಾಲಯದ ಹಿಂದಿನ ಹೆಂಚಿನ ಮನೆಯಲ್ಲಿ ಪುಣ್ಯವತಿ ಅಗ್ನೇಸಮ್ಮನವರು ಸಂಸಾರ ನಡೆಸುತ್ತಿದ್ದರು. ಪತಿ ಇನ್ನಾಸಪ್ಪನವರದು ರೇಷ್ಮೆ ಸಾಕಣೆ. ಮನೆ ತುಂಬ ಮಕ್ಕಳು, ಹುಳುಮನೆ ತುಂಬ ಹುಳುಗಳು, ಎರಡಕ್ಕೂ ಒಂದೇ ಹೊತ್ತಿಗೆ ಹಸಿವು. ಅಂಥ ಮನೆಯಲ್ಲಿ ಮಂಡಿಯೂರಿ ಧ್ಯಾನ ಮಾಡಲು ಪುರುಸೊತ್ತೆಲ್ಲಿಂದ ಬರಬೇಕು? ಆದ್ದರಿಂದ ಅಮ್ಮನವರು ಪ್ರಾರ್ಥನೆಯನ್ನು ಒಲೆಯ ಮುಂದೆಯೇ ಇಟ್ಟುಕೊಂಡಿದ್ದರು. ಅವರ ಅಡುಗೆಮನೆಯಲ್ಲಿ ಗಡಿಯಾರ ಇರಲಿಲ್ಲ. ಮೊಟ್ಟೆ ಬೇಯುವುದಕ್ಕೆ ಇಷ್ಟು ಪರಲೋಕ ಮಂತ್ರ, ಗಂಜಿ ಹದಕ್ಕೆ ಬರುವುದಕ್ಕೆ ಇಷ್ಟು ನಮೋ ಮರಿಯ ಎಂದು ಅವರದೇ ಒಂದು ಲೆಕ್ಕ. ಬಾಯಲ್ಲಿ ಜಪ, ಕೈಯಲ್ಲಿ ಸೌಟು. ಆ ಮನೆಯ ಗಂಜಿ ಒಂದು ದಿನವೂ ತಳ ಹಿಡಿಯಲಿಲ್ಲ ಎಂದು ಅವರ ಮಕ್ಕಳು ಇಂದಿಗೂ ಸಾಕ್ಷಿ ಹೇಳುತ್ತಾರೆ.

ಇದನ್ನು ಕಂಡರೆ ಊರಿನ ಉಪದೇಶಿ ಪಾಸ್ಕಲಪ್ಪನವರಿಗೆ ಆಗುತ್ತಿರಲಿಲ್ಲ. ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವುದು, ಗುರುಸ್ವಾಮಿಗಳು ಇಲ್ಲದಾಗ ಪ್ರಾರ್ಥನೆ ನಡೆಸುವುದು, ಯಾರು ಪೂಜೆಗೆ ಬಂದರು, ಯಾರು ಬರಲಿಲ್ಲ ಎಂದು ಕಣ್ಣಿಡುವುದು ಅವರ ಕೆಲಸ. ಧರ್ಮಸಭೆಯ ಕಟ್ಟಳೆಗಳೆಲ್ಲ ಅವರಿಗೆ ಬಾಯಿಪಾಠ. ಒಳ್ಳೆಯವರೇ, ಆದರೆ ನಾಲಿಗೆ ಸ್ವಲ್ಪ ಹರಿತ. ದೇವಮಾತೆಯ ಜಪವನ್ನು ಮೊಟ್ಟೆ ಬೇಯಿಸುವುದಕ್ಕೆ ಹಚ್ಚುವ ಭಕ್ತಿಯನ್ನು ತಾವು ಎಲ್ಲೂ ಓದಿಲ್ಲವೆಂದು ನಾಲ್ಕು ಜನರೆದುರು ಹಂಗಿಸುತ್ತಿದ್ದರು. ಅಮ್ಮನವರು ನಕ್ಕು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ಆದರೂ ಬಲಿಪೀಠದ ಬಟ್ಟೆ ಒಗೆಯುವ ಸೇವೆಯನ್ನು ಪಾಸ್ಕಲಪ್ಪನವರು ಅಗ್ನೇಸಮ್ಮನವರಿಗೇ ಒಪ್ಪಿಸಿದ್ದರು. ಅಷ್ಟು ಶುಭ್ರವಾಗಿ ಒಗೆಯುವವರು ಊರಿನಲ್ಲಿ ಬೇರೆ ಇರಲಿಲ್ಲ. ಒಪ್ಪಿಸುವ ದಿನ ಕಟ್ಟಳೆಯನ್ನೂ ಬಿಡಿಸಿ ಹೇಳಿದ್ದರು. ಬಲಿಪೂಜೆಯಲ್ಲಿ ರೊಟ್ಟಿಯು ಯೇಸುಸ್ವಾಮಿಯ ಶರೀರವಾಗುತ್ತದೆ, ಭಕ್ತರು ಸ್ವೀಕರಿಸುವ ಪರಮಪ್ರಸಾದ ಅದೇ. ದ್ರಾಕ್ಷಾರಸವು ಅವರ ರಕ್ತವಾಗುತ್ತದೆ. ಪಾನಪಾತ್ರೆಯನ್ನು ಒರೆಸಿದ ಬಟ್ಟೆಯಲ್ಲಿ ಅದರ ಪಸೆ ಉಳಿದಿರಬಹುದು. ಆದ್ದರಿಂದ ಅದನ್ನು ಹಿಂಡಿದ ಮೊದಲ ನೀರು ಬಚ್ಚಲಿಗೆ ಹೋಗಕೂಡದು, ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಹೋಗಬೇಕು. ಅದಕ್ಕೆಂದೇ ಕಂಠದ ಮೇಲೆ ಶಿಲುಬೆ ಕೊರೆದ ತಾಮ್ರದ ಬೋಗುಣಿಯೊಂದನ್ನು ದೇವಾಲಯದಿಂದ ಕೊಟ್ಟಿದ್ದರು. ಬೇರೆ ಯಾವ ಬಟ್ಟೆಯೂ ಅದರೊಳಗೆ ಬೀಳುವಂತಿರಲಿಲ್ಲ. ಅಮ್ಮನವರು ಹಿತ್ತಲಿನ ದಾಳಿಂಬೆ ಗಿಡಕ್ಕೆ ಕಲ್ಲಿನ ಕಟ್ಟೆ ಕಟ್ಟಿಸಿ ಮೊದಲ ನೀರನ್ನು ಅಲ್ಲಿಗೆ ಎರೆಯುತ್ತಿದ್ದರು. ಗೃಹಿಣಿಯಾದ ತನಗೂ ದೇವರು ತನ್ನ ಬಟ್ಟೆ ಮುಟ್ಟಗೊಟ್ಟನಲ್ಲ ಎಂಬುದು ಅವರಿಗೆ ಜೀವನದಲ್ಲಿ ಇದ್ದ ಒಂದೇ ಹೆಮ್ಮೆ.

ಪಾಸ್ಕಲಪ್ಪನವರಿಗೆ ಒಬ್ಬ ಅಣ್ಣನಿದ್ದರು, ಚೌರಪ್ಪ ಎಂದು. ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಮಗುವಿನೊಡನೆ ತೀರಿಕೊಂಡ ಮೇಲೆ ಚೌರಪ್ಪನವರು ದೇವಾಲಯದ ಹೊಸಿಲು ತುಳಿದಿರಲಿಲ್ಲ. ತಾಯಿ ಸತ್ತಾಗಲೂ ಶವಪೆಟ್ಟಿಗೆಗೆ ಹೆಗಲು ಕೊಟ್ಟು ಗೇಟಿನ ತನಕ ಬಂದರು, ಅಲ್ಲಿಂದ ಮುಂದೆ ಕಾಲಿಡಲಿಲ್ಲ. ತಮ್ಮನಿಗೆ ಊರಿನ ಮುಂದೆ ತಲೆ ತಗ್ಗಿಸುವಂತಾಯಿತು. ಹೂಳಿ ಬಂದವರು ಇನ್ನೂ ಕೈಕಾಲು ತೊಳೆದಿರಲಿಲ್ಲ, ಪಾಸ್ಕಲಪ್ಪನವರು ಎಲ್ಲರೆದುರಿಗೆ ಆಣೆಯಿಟ್ಟರು: "ಅವನು ಪರಮಪ್ರಸಾದ ತಗೊಳ್ಳೋ ದಿನ ನಾನೇ ಬೆನ್ನ ಮೇಲೆ ಹೊತ್ಕೊಂಡು ಮನೆಗೆ ಕರ್ಕೊಂಡು ಬರ್ತೀನಿ. ಅಲ್ಲೀ ತನಕ ನನಗೆ ಅಣ್ಣ ಇಲ್ಲ."

ಆಡಿದ ಮಾತು ಆಡಿದ್ದೇ ಆಯಿತು. ವರ್ಷಗಳು ಉರುಳಿದವು. ಇಬ್ಬರೂ ಒಂದೇ ದಾರಿಯಲ್ಲಿ ಎದುರಾದರೆ ಒಬ್ಬರು ತೋಟಕ್ಕೆ ಇಳಿಯುತ್ತಿದ್ದರು.

ಚೌರಪ್ಪನವರಿಗೆ ವಯಸ್ಸಾಯಿತು, ಹೊಟ್ಟೆಯ ರೋಗ ಹತ್ತಿತು. ಅವರು ಊರಾಚೆ ಪಾಳುಬಿದ್ದ ಒಂದು ಹುಳುಮನೆಯಲ್ಲಿ ಮಲಗಿಬಿಟ್ಟರು. ಉಂಡದ್ದು ನಿಲ್ಲುತ್ತಿರಲಿಲ್ಲ, ಎದ್ದು ಹೊರಗೆ ಹೋಗುವ ಶಕ್ತಿ ಇರಲಿಲ್ಲ. ವಾಸನೆಗೆ ಹೆದರಿ ಜನ ಆ ದಾರಿಯನ್ನೇ ಬಿಟ್ಟರು. ಅಗ್ನೇಸಮ್ಮನವರ ಹಿಪ್ಪುನೇರಳೆ ಸೊಪ್ಪಿನ ತೋಟಕ್ಕೆ ಅದೇ ದಾರಿ. ಅವರು ಹೊರೆ ಇಳಿಸಿ ಒಳಗೆ ಇಣುಕಿದರು. ಅಂದಿನಿಂದ ದಿನವೂ ಮೂರು ಕಲ್ಲು ಹೂಡಿ, ಅಲ್ಲೇ ಗಂಜಿ ಕಾಯಿಸಿ, ಚೌರಪ್ಪನವರನ್ನು ಎದೆಗೆ ಒರಗಿಸಿಕೊಂಡು ಕುಡಿಸಿ, ಹೊಲಸಾದ ಬಟ್ಟೆಯನ್ನು ಕಾಲುವೆಯ ಕಲ್ಲಿನ ಮೇಲೆ ಒಗೆದು, ಆಮೇಲೆ ಸೊಪ್ಪು ಕೊಯ್ಯಲು ಹೋಗುತ್ತಿದ್ದರು. ಯಾರಿಗೂ ಹೇಳಲಿಲ್ಲ. ಪಾಸ್ಕಲಪ್ಪನವರಿಗೆ ಸುಳಿವು ಹತ್ತಿತ್ತಂತೆ, ಆದರೆ ಕೇಳಿಯೂ ಕೇಳದವರ ಹಾಗೆ ಇದ್ದರು. ಒಳಗೊಳಗೆ ಬೇಯುತ್ತಿದ್ದರೆಂದೂ, ಆಣೆ ಗಂಟಲಿಗೆ ಮುಳ್ಳಾಗಿತ್ತೆಂದೂ ಮುಂದೆ ಅವರೇ ಹೇಳಿಕೊಂಡರು.

ಅದು ಯೇಸುಸ್ವಾಮಿಯ ಪುನರುತ್ಥಾನದ ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ. ಪಾಸ್ಕಲಪ್ಪನವರು ಪಕ್ಕದ ಹಳ್ಳಿಯಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ನಡೆಸಲು ಹೋಗಿ ಅಲ್ಲೇ ಉಳಿದು, ಮರುದಿನ ಬಿಸಿಲೇರುವ ಹೊತ್ತಿಗೆ ಊರಿಗೆ ಬಂದರು. ಬಾವಿಕಟ್ಟೆಯ ಹೆಂಗಸರು ತಡೆದು ನಿಲ್ಲಿಸಿದರು. ಅಗ್ನೇಸಮ್ಮ ಆ ಹುಳುಮನೆಯಿಂದ ಗಬ್ಬು ನಾರುವ ದುಪ್ಪಟಿಯೊಂದನ್ನು ಹೊತ್ತುಕೊಂಡು ಬಂದಿದ್ದಾಳೆ, ಅದನ್ನು ಪೀಠದ ಬಟ್ಟೆಯ ಬೋಗುಣಿಯಲ್ಲಿ ನೆನೆಹಾಕಿದ್ದಾಳೆ, ತಾವು ಕಣ್ಣಾರೆ ಕಂಡೆವು ಎಂದು ಒಬ್ಬರ ಮೇಲೊಬ್ಬರು ಹೇಳಿದರು.

ಉಪದೇಶಿಗಳಿಗೆ ಮೈಯೆಲ್ಲ ಉರಿದುಹೋಯಿತು. ಕೈಚೀಲವನ್ನೂ ಮನೆಯಲ್ಲಿ ಇಡದೆ ನೆಟ್ಟಗೆ ಅಗ್ನೇಸಮ್ಮನವರ ಹಿತ್ತಲಿಗೆ ನಡೆದರು. ನೋಡುತ್ತಾರೆ, ಹೆಂಗಸರು ಹೇಳಿದ್ದು ಕಡಿಮೆಯೇ. ಅಮ್ಮನವರು ದುಪ್ಪಟಿಯನ್ನು ಬೋಗುಣಿಯಿಂದೆತ್ತಿ ಹಿಂಡಿದ್ದರು. ಆ ಕೊಳಕು ನೀರನ್ನು ತುಂಬ ಜೋಪಾನವಾಗಿ, ಒಂದು ಹನಿಯೂ ಆಚೆ ಸಿಡಿಯದಂತೆ, ದಾಳಿಂಬೆಯ ಬುಡಕ್ಕೆ ಎರೆಯುತ್ತಿದ್ದರು. ತುಟಿಗಳು ಜಪದಲ್ಲಿ ಅಲುಗುತ್ತಿದ್ದವು.

ಪಾಸ್ಕಲಪ್ಪನವರು ಬಾಯಿಗೆ ಬಂದಂತೆ ಅಂದುಬಿಟ್ಟರು. ಯೇಸುಸ್ವಾಮಿಯ ರಕ್ತ ಸೇರುವ ಮಣ್ಣಿಗೆ ಯಾರದೋ ಹೊಲಸನ್ನು ಸುರಿಯಲು ಬುದ್ಧಿ ಎಲ್ಲಿಗೆ ಹೋಗಿತ್ತೆಂದರು. ಮೊಟ್ಟೆ ಬೇಯಿಸಲು ಜಪ ಮಾಡುವವಳ ಕೈಗೆ ಪೀಠದ ಬಟ್ಟೆ ಕೊಟ್ಟದ್ದು ತಮ್ಮದೇ ತಪ್ಪೆಂದರು. ಇಂದಿನಿಂದ ಆ ಸೇವೆ ಅವಳದಲ್ಲವೆಂದೂ, ಬೋಗುಣಿಯನ್ನು ಈಗಲೇ ಹಿಂತಿರುಗಿಸಬೇಕೆಂದೂ ಹೇಳಿ ಕೈ ಚಾಚಿ ನಿಂತರು.

ಅಮ್ಮನವರು ಬೋಗುಣಿಯ ಕೊನೆಯ ಹನಿಯೂ ಮಣ್ಣಿಗೆ ಇಳಿಯುವ ತನಕ ಕಾದರು. ಅದನ್ನು ಕಟ್ಟೆಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ದನಿ ಎತ್ತದೆ ಹೇಳಿದರು:

"ನೀವೇ ಹೇಳ್ಕೊಟ್ಟಿದ್ದು ಉಪದೇಶಿಗಳೇ, ಯೇಸುಸ್ವಾಮಿ ಇರೋ ಬಟ್ಟೆಯ ಮೊದಲ ನೀರು ಬಚ್ಚಲಿಗೆ ಹೋಗಬಾರದು ಅಂತ. ಬೆಳಗ್ಗೆ ಗುರುಸ್ವಾಮಿಗಳು ಬಂದು ನಿಮ್ಮಣ್ಣನಿಗೆ ಪರಮಪ್ರಸಾದ ಕೊಟ್ರು. ಹೊಟ್ಟೇಲಿ ನಿಲ್ಲಲಿಲ್ಲ. ಎಲ್ಲಾ ಈ ದುಪ್ಪಟಿ ಮೇಲೆ ಬಂತು."

ಇಷ್ಟೇ ಅವರು ಆಡಿದ ಮಾತು.

ಪಾಸ್ಕಲಪ್ಪನವರು ಚಾಚಿದ ಕೈಯನ್ನು ಹಿಂತೆಗೆದರು. ಕಟ್ಟಳೆ ಗೊತ್ತಿದ್ದವರಲ್ಲವೇ, ಆ ಮಾತಿನ ಅರ್ಥ ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಅಮ್ಮನವರು ಮಾಡಿದ್ದು ಅಕ್ಷರಶಃ ಸರಿಯಾಗಿತ್ತು. ಅದಕ್ಕಿಂತ ದೊಡ್ಡ ಮಾತು, ಅಣ್ಣ ದೇವರ ಬಳಿಗೆ ಮರಳಿದ್ದರು. ಆಗ ತಾವು ಊರಿನಲ್ಲಿರಲಿಲ್ಲ. ತಾವು ಹಂಗಿಸಿದ ಹೆಂಗಸು ಅಲ್ಲಿದ್ದಳು, ತಾವು ಮೂಗು ಮುಚ್ಚಿಕೊಂಡ ಆ ಹೊಲಸು ಬಟ್ಟೆಯ ಮೇಲೆ ಯೇಸುಸ್ವಾಮಿ ಇದ್ದರು. ಉಪದೇಶಿಗಳು ಚಪ್ಪಲಿ ಬಿಟ್ಟು ದಾಳಿಂಬೆ ಗಿಡದ ಮುಂದೆ ಮೊಣಕಾಲೂರಿ, ಚಿಕ್ಕ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತರು.

ಅಳು ನಿಂತ ಮೇಲೆ ಅಮ್ಮನವರು ಒಂದು ಚೊಂಬು ನೀರು ತಂದಿಟ್ಟರು. ಪಾಸ್ಕಲಪ್ಪನವರು ಮುಖ ತೊಳೆದು, ಅದುವರೆಗೆ ಏಕವಚನದಲ್ಲಿ ಕರೆಯುತ್ತಿದ್ದ ಆ ಗೃಹಿಣಿಗೆ ಕೈ ಮುಗಿದು, "ಆ ದುಪ್ಪಟಿ ಇಲ್ಲಿ ಕೊಡಿ ತಾಯಿ" ಎಂದರು. ಪಂಚೆ ಎತ್ತಿಕಟ್ಟಿ ಕುಳಿತು ಎರಡನೆಯ ನೀರಿನಲ್ಲಿ ತಾವೇ ಕುಕ್ಕಿ ಒಗೆದರು. ಅಭ್ಯಾಸವಿಲ್ಲದ ಕೈ, ಅರ್ಧ ನೀರು ಅವರ ಮೈಮೇಲೆಯೇ. ಅಮ್ಮನವರು ನಗು ತಡೆದುಕೊಂಡು, ಅಂಚು ಹಿಡಿದು ಹಿಂಡುವುದು ಹೇಗೆಂದು ತೋರಿಸಿಕೊಟ್ಟರು.

ಬಟ್ಟೆಯನ್ನು ಬೇಲಿಯ ಮೇಲೆ ಹರವಿ, ಒದ್ದೆ ಪಂಚೆಯಲ್ಲೇ ಪಾಸ್ಕಲಪ್ಪನವರು ಹುಳುಮನೆಗೆ ನಡೆದರು. ಅಗ್ನೇಸಮ್ಮನವರು ಗಂಜಿಯ ಪಾತ್ರೆ ಹಿಡಿದು ಹಿಂದೆಯೇ ಹೋದರು. ಚೌರಪ್ಪನವರು ಗೋಡೆಗೆ ಒರಗಿ ಕುಳಿತಿದ್ದರು. ಪಾಸ್ಕಲಪ್ಪನವರು ಕ್ಷಮೆ ಕೇಳುವ ಮಾತು ಹುಡುಕುತ್ತ ನಿಲ್ಲಲಿಲ್ಲ. ಬೆನ್ನು ತಿರುಗಿಸಿ ಅಣ್ಣನ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

"ಹತ್ತಣ್ಣ" ಎಂದರು.

ಊರಿನ ನಡುಬೀದಿಯಲ್ಲಿ, ಬಾವಿಕಟ್ಟೆಯ ಮುಂದೆಯೇ, ಪಾಸ್ಕಲಪ್ಪನವರು ಅಣ್ಣನನ್ನು ಬೆನ್ನ ಮೇಲೆ ಹೊತ್ತು ಮನೆಗೆ ತಂದರು. ಅದನ್ನು ಕಂಡವರು ಕೊಡ ಕೆಳಗಿಟ್ಟು ಶಿಲುಬೆಯ ಗುರುತು ಹಾಕಿಕೊಂಡರಂತೆ.

ಚೌರಪ್ಪನವರು ಮನಸ್ಸು ತಿರುಗಿದ ಬಗೆಯನ್ನು ಆಮೇಲೆ ತಮ್ಮನಿಗೆ ಹೇಳಿದರು. ಅಗ್ನೇಸಮ್ಮನವರು ಒಂದು ದಿನವೂ ಉಪದೇಶ ಮಾಡಿರಲಿಲ್ಲ. ಗಂಜಿ ಬೇಯುವಷ್ಟು ಹೊತ್ತು ಒಲೆಯ ಮುಂದೆ ನಮೋ ಮರಿಯ ಹೇಳುತ್ತಿದ್ದರು, ಅಷ್ಟೇ. ಚೌರಪ್ಪನವರು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಒಂದು ದಿನ ಮೋಡ ಕಟ್ಟಿ, ಸೊಪ್ಪು ನೆನೆದರೆ ಹುಳುಗಳಿಗೆ ಆಗದೆಂಬ ಅವಸರದಲ್ಲಿ ಅಮ್ಮನವರು ಗಂಜಿಯನ್ನು ಬೇಗ ಇಳಿಸಿದರು. ಮಲಗಿದ್ದವರು ಮುಖ ತಿರುಗಿಸದೆ, "ಇವತ್ತು ನಮೋ ಮರಿಯ ಕಡಿಮೆ ಆಯ್ತು ಕಣವ್ವ" ಎಂದುಬಿಟ್ಟರು. ಹಾಗಾದರೆ ಉಳಿದದ್ದನ್ನು ನೀವೇ ಹೇಳಿ ಎಂದು ಅಮ್ಮನವರು ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟು ಕಾದರು. ಸೊಪ್ಪು ನೆನೆದರೆ ನೆನೆಯಲಿ ಎಂದು ಕಾದರು. ಚೌರಪ್ಪನವರು ತಡವರಿಸುತ್ತ ಹೇಳಿ ಮುಗಿಸಿದರು. ಗುರುಸ್ವಾಮಿಗಳನ್ನು ಕರೆಸು ಎಂದು ಅವರೇ ಬಾಯಿಬಿಟ್ಟು ಕೇಳಿದ್ದು ಅದಾದ ಮೇಲೆ. ಗುರುಸ್ವಾಮಿಗಳು ಮುಂಜಾನೆಯೇ ಬಂದು ಪಾಪನಿವೇದನೆ ಕೇಳಿ, ಪ್ರಸಾದ ಕೊಟ್ಟು ಹೋಗಿದ್ದರಿಂದ ಊರಿಗೆ ತಿಳಿಯಲಿಲ್ಲ.

ಸರ್ವೇಶ್ವರನ ದಯೆ ದೊಡ್ಡದು. ಚೌರಪ್ಪನವರು ಆ ವರ್ಷದ ಪಾಸ್ಕ ಹಬ್ಬವನ್ನು ತಮ್ಮನ ಮನೆಯಲ್ಲಿ ಆಚರಿಸಿ, ಹಬ್ಬ ಕಳೆದ ಮೇಲೆ ತಮ್ಮನ ತೊಡೆಯ ಮೇಲೆ ತಲೆಯಿಟ್ಟು ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಅಷ್ಟು ದಿನವೂ ಅವರ ಗಂಜಿಯನ್ನು ಪಾಸ್ಕಲಪ್ಪನವರು ಬೇರೆ ಯಾರ ಕೈಗೂ ಬಿಡಲಿಲ್ಲ. ಮೊದಮೊದಲು ತಳ ಹಿಡಿಯುತ್ತಿತ್ತು. ಆಮೇಲೆ ಉಪದೇಶಿಗಳು ಒಲೆಯ ಮುಂದೆ ಗಟ್ಟಿಯಾಗಿ ನಮೋ ಮರಿಯ ಹೇಳುವುದು ಬೀದಿಗೆ ಕೇಳಿಸತೊಡಗಿತು, ಗಂಜಿಯೂ ಹದಕ್ಕೆ ಬಂತು.

ಪೀಠದ ಬಟ್ಟೆಯ ಸೇವೆ ಅಗ್ನೇಸಮ್ಮನವರಲ್ಲೇ ಉಳಿಯಿತು. ಮಕ್ಕಳನ್ನು ದಡ ಮುಟ್ಟಿಸಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಎಷ್ಟೋ ಬಾಣಂತಿಯರಿಗೆ, ರೋಗಿಗಳಿಗೆ ಕೈಯಾಸರೆಯಾಗಿ, ತುಂಬು ವಯಸ್ಸಿನಲ್ಲಿ ಅವರು ಹಾಸಿಗೆ ಹಿಡಿದರು. ಕೊನೆಯ ದಿನ ಪರಮಪ್ರಸಾದ ಸ್ವೀಕರಿಸಿದರು. ಅದು ಅವರ ಹೊಟ್ಟೆಯಲ್ಲೂ ನಿಲ್ಲಲಿಲ್ಲ. ಆ ಸಂಜೆಯೇ ಅವರು ದೇವರ ಪಾದ ಸೇರಿದರು.

ಹೆಣ್ಣುಮಕ್ಕಳು ಹಾಸಿಗೆಯ ಬಟ್ಟೆ ತೆಗೆಯಹೋದಾಗ ಹಣ್ಣುಮುದುಕರಾಗಿದ್ದ ಪಾಸ್ಕಲಪ್ಪನವರು ಕೋಲೂರಿಕೊಂಡು ಒಳಗೆ ಬಂದರು. ನೀವು ತಾಯಿಯ ಹತ್ತಿರ ಇರಿ ಎಂದು ಅವರಿಗೆ ಹೇಳಿ, ಹೊದಿಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಶಿಲುಬೆ ಕೊರೆದ ತಾಮ್ರದ ಬೋಗುಣಿಯೊಡನೆ ಹಿತ್ತಲಿಗೆ ಹೋದರು. ಅಂಚು ಹಿಡಿದು, ಅಮ್ಮನವರು ತೋರಿಸಿಕೊಟ್ಟ ಹಾಗೆಯೇ ಹಿಂಡಿದರು. ಬಹಳ ಹೊತ್ತಾದರೂ ಅವರು ಬರಲಿಲ್ಲವೆಂದು ಪತಿ ಇನ್ನಾಸಪ್ಪನವರು ಹೋಗಿ ನೋಡಿದಾಗ, ಮುದುಕರು ದಾಳಿಂಬೆಯ ಬುಡದಲ್ಲಿ ಮೊಣಕಾಲೂರಿ, ಒಂದು ಹನಿಯೂ ಆಚೆ ಸಿಡಿಯದಂತೆ ಮೊದಲ ನೀರನ್ನು ಎರೆಯುತ್ತಿದ್ದರು. ತುಟಿಗಳು ಜಪದಲ್ಲಿ ಅಲುಗುತ್ತಿದ್ದವು.