ನೀಲಾವತಿ ತೆರೆದ ಪುಟ

"ಗುರುಗಳೇ, ನನ್ನನ್ನು ಹುಡುಕಿಕೊಂಡು ಬಂದವರಿಗೆ ನಾನೇ ಇನ್ನೊಬ್ಬರ ಮನೆಯ ದಾರಿ ತೋರಿಸಬೇಕೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮಡಿವಾಳಯ್ಯ. ಪ್ರವಚನ ಹೇಳುವುದು ಅವನ ಕಾಯಕ. ಅವನ ಮಾತಿನ ತುಣುಕುಗಳನ್ನು ಸಾವಿರಾರು ಜನ ಫೋನಿನಲ್ಲಿ ನೋಡುತ್ತಿದ್ದರು. ಅವನ ಖಾತೆಯಲ್ಲಿ ಹೆಸರಿನ ಕೆಳಗೆ ಒಂದು ಕೊಂಡಿ ಇತ್ತು. ಒತ್ತಿದರೆ ಒಂದು ಪುಟ ತೆರೆಯುತ್ತಿತ್ತು. ಆ ಪುಟದಲ್ಲಿ ಸಾಲಾಗಿ ಇನ್ನಷ್ಟು ಕೊಂಡಿಗಳಿದ್ದವು: ಅವನ ಪ್ರವಚನ, ಅವನ ಪುಸ್ತಕ, ಅವನ ಮುಂದಿನ ಕಾರ್ಯಕ್ರಮ. ಅವನ ಜೊತೆ ತಬಲಾ ನುಡಿಸುವವನೂ ವಚನ ಹಾಡುವವಳೂ ತಮ್ಮದನ್ನು ಅಲ್ಲಿ ಸೇರಿಸಲು ಕೇಳಿದ್ದರು. ಅವನಿಗೆ ಮನಸ್ಸಿರಲಿಲ್ಲ.

ಗುರುಗಳು ಅದಕ್ಕೆ ಒಂದು ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಂದು ನಾಟಕ ಕಂಪನಿ ಇತ್ತು. ಊರಿಂದೂರಿಗೆ ಹೋಗಿ, ತಗಡಿನ ಥಿಯೇಟರ್ ಕಟ್ಟಿ, ತಿಂಗಳುಗಟ್ಟಲೆ ನಿಂತು ನಾಟಕ ಆಡುವ ಕಂಪನಿ. ಅದರ ಧಣಿ ಅಂದಾನೆಪ್ಪ. ಅದರಲ್ಲಿ ನೀಲಾವತಿ ಎಂಬ ನಟಿ ಇದ್ದಳು. ಹರೆಯದಲ್ಲಿ ನಾಯಕಿಯ ಪಾರ್ಟು ಮಾಡಿದವಳು, ಈಗ ಅತ್ತೆಯ ಪಾರ್ಟು ಮಾಡುತ್ತಿದ್ದಳು. ಅವಳು ಸೊಸೆಯನ್ನು ಬೈಯಲು ಬಾಯಿ ತೆರೆದರೆ ಸಾಕು, ಮುಂದಿನ ಸಾಲಿನ ಹೆಂಗಸರು ಸೆರಗನ್ನು ಬಾಯಿಗಿಟ್ಟು ನಗುತ್ತಿದ್ದರು. ಆದರೆ ಮುಂದಿನ ಸಾಲು ಬಿಟ್ಟರೆ ಹಿಂದೆಲ್ಲ ಬರೀ ಕುರ್ಚಿಗಳು.

ಒಮ್ಮೆ ನಾಟಕ ನೋಡಲು ಬಂದ ಯಾರೋ ಅವಳ ಬೈಗುಳದ ಒಂದು ದೃಶ್ಯವನ್ನು ಫೋನಿನಲ್ಲಿ ಹಿಡಿದು ಹಾಕಿದರು. ಸೊಸೆಯಂದಿರು ಅದನ್ನು ಅತ್ತೆಯಂದಿರಿಗೆ ಕಳಿಸಿದರು. ಅತ್ತೆಯಂದಿರು ಬೀಗತಿಯರಿಗೆ ಕಳಿಸಿದರು. ಕಂಪನಿಯ ಹಾಸ್ಯನಟ ಖಾಜಾಸಾಬ ನೀಲಾವತಿಯ ಹೆಸರಿನಲ್ಲಿ ಒಂದು ಖಾತೆ ತೆರೆದುಕೊಟ್ಟ. ನೋಡನೋಡುತ್ತಿದ್ದಂತೆ ಲಕ್ಷ ಜನ ಬಂದು ಸೇರಿದರು.

ಖಾತೆಯಲ್ಲಿ ಹೆಸರಿನ ಕೆಳಗೆ ಒಂದೇ ಒಂದು ಕೊಂಡಿಗೆ ಜಾಗವಿತ್ತು. ಅಂದಾನೆಪ್ಪ ಅಲ್ಲಿ ಟಿಕೆಟ್ಟಿನ ಕೊಂಡಿ ಹಾಕಿಸಿದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಕಂಪನಿಯ ಅನ್ನ ಉಂಡವಳು ಕಂಪನಿಯ ಕಡೆ ಕೈ ತೋರಿಸಬೇಕಾದದ್ದೇ. ಆದರೆ ನೋಡುವವರು ಮಂಗಳೂರಿನಲ್ಲಿದ್ದರು, ಮುಂಬೈಯಲ್ಲಿದ್ದರು, ದುಬೈಯಲ್ಲಿದ್ದರು. ಕಂಪನಿ ಆಗ ನಿಂತಿದ್ದ ಬಾಗಲಕೋಟೆಯ ಟಿಕೆಟ್ಟು ಕಟ್ಟಿಕೊಂಡು ಅವರೇನು ಮಾಡಬೇಕು? ಕೊಂಡಿ ಒತ್ತಿದರು, ಊರ ಹೆಸರು ನೋಡಿದರು, ಹೊರಟುಹೋದರು.

ಅವರು ಕೇಳುತ್ತಿದ್ದುದೇ ಬೇರೆ. ಹಿಂದೆ ಹಾರ್ಮೋನಿಯಂ ನುಡಿಸಿದವರು ಯಾರು? ಆ ಅರಮನೆಯ ಪರದೆ ಬರೆದವರು ಯಾರು? ಸೊಸೆಯ ಕುಪ್ಪಸ ಹೊಲಿದವರು ಯಾರು? ಬಣ್ಣ ಹಚ್ಚಿಕೊಳ್ಳುವ ಮುಂಚೆ ನೀಲಾವತಿ ಕೂತು ಒಬ್ಬೊಬ್ಬರಿಗೂ ಉತ್ತರ ಬರೆದಳು. ಬರೆದಷ್ಟೂ ಪ್ರಶ್ನೆಗಳು ಬಂದವು. ಅವಳ ಮನಸ್ಸಿಗೆ ಒಂದು ಸಂಗತಿ ಚುಚ್ಚಿತು. ಹಾರ್ಮೋನಿಯಂ ಹುಚ್ಚಪ್ಪ ಮಾಸ್ತರರು ಕಂಪನಿಗೆ ಸೇರಿದಾಗ ಮೀಸೆ ಚಿಗುರಿರಲಿಲ್ಲ, ಈಗ ಹುಬ್ಬೂ ನೆರೆತಿತ್ತು. ಅಷ್ಟು ಕಾಲ ಯಾರೊಬ್ಬರೂ ಅವರ ಹೆಸರು ಕೇಳಿರಲಿಲ್ಲ. ಈಗ ಕೇಳುವವರಿದ್ದಾರೆ, ಹೇಳಲು ಜಾಗವಿಲ್ಲ.

ಖಾಜಾಸಾಬನ ಮುಂದೆ ಇದನ್ನು ಹೇಳಿಕೊಂಡಳು. ಆ ದಿನಗಳಲ್ಲಿ ಒಂದು ಹೊಸ ಬಗೆಯ ಪುಟ ಎಲ್ಲೆಲ್ಲೂ ಕಾಣಿಸಿಕೊಂಡಿತ್ತು. ಹೆಸರಿನ ಕೆಳಗೆ ಒಂದೇ ಕೊಂಡಿ, ಒತ್ತಿದರೆ ಪುಟ, ಪುಟದೊಳಗೆ ಬೇಕಾದಷ್ಟು ಕೊಂಡಿ. ಮೆಹಂದಿ ಹಾಕುವವಳ ಹತ್ತಿರ ಅದಿತ್ತು. ಟ್ಯೂಷನ್ ಮಾಸ್ತರನ ಹತ್ತಿರ ಅದಿತ್ತು. ಎತ್ತು ಮಾರಿಸುವ ದಲ್ಲಾಳಿಯ ಹತ್ತಿರವೂ ಅದಿತ್ತು.

"ಅಕ್ಕಾರ, ಬಾಗಿಲಾ ಒಂದ ಇರ್ಲಿ. ಒಳಗ ಪಡಸಾಲಿ ದೊಡ್ಡದು ಮಾಡೋಣು," ಎಂದ ಖಾಜಾಸಾಬ.

ಪುಟ ಸಿದ್ಧವಾಯಿತು. ಬೇರೆಯವರು ತಮ್ಮ ಪುಟವನ್ನು ತಮ್ಮಿಂದಲೇ ತುಂಬಿಸಿಕೊಂಡಿದ್ದರು. ನೀಲಾವತಿಯ ಪುಟದಲ್ಲಿ ಮೊದಲ ಸಾಲು ಟಿಕೆಟ್ಟಿನದು. ಅದರ ಕೆಳಗೆ ಹುಚ್ಚಪ್ಪ ಮಾಸ್ತರರ ಹಾರ್ಮೋನಿಯಂ ಪಾಠ. ಆಮೇಲೆ ಪರದೆ ಬರೆಯುವ ಬಾಬುರಾವ್. ಆಮೇಲೆ ಕಂಪನಿಯ ದರ್ಜಿ. ಆಮೇಲೆ ಖಾಜಾಸಾಬ. ಎಲ್ಲಕ್ಕಿಂತ ಕೆಳಗೆ, ಬೀದರ್ ಕಡೆ ಥಿಯೇಟರ್ ಹಾಕಿದ್ದ ಇನ್ನೊಂದು ನಾಟಕ ಕಂಪನಿ.

ಆ ಕೊನೆಯ ಸಾಲು ನೋಡಿ ಅಂದಾನೆಪ್ಪ ಉರಿದುಬಿದ್ದ.

"ನೀಲಾ, ಎದುರಾಳಿ ಕಂಪನಿಗೆ ನಮ್ಮ ಅಂಗಳದಾಗ ಹಂದರ ಹಾಕ್ತೀ ಏನು?"

"ಧಣೇರ, ಬೀದರದ ಮಂದಿ ಇಲ್ಲೀತನಕ ಬರೂದಿಲ್ಲ. ಅಲ್ಲೇರ ನಾಟಕ ನೋಡ್ಲಿ ಬಿಡ್ರಿ. ಅವರೂ ನಮ್ಮಂಗ ಬಣ್ಣ ಹಚ್ಚಿದವರು."

ಅಂದಾನೆಪ್ಪ ಖಾಲಿ ಕುರ್ಚಿಗಳ ಕಡೆ ಕೈ ಮಾಡಿ ತೋರಿಸಿದ. ಅವಳು ತಲೆ ತಗ್ಗಿಸಿದಳು. ಆದರೆ ಸಾಲು ತೆಗೆಯಲಿಲ್ಲ.

ಪುಟ ತನ್ನ ಕೆಲಸ ಮಾಡಿತು. ಹುಚ್ಚಪ್ಪ ಮಾಸ್ತರರನ್ನು ಹುಡುಕಿಕೊಂಡು ಶಿವಮೊಗ್ಗದಿಂದ ಕರೆ ಬಂತು, ಸೊಲ್ಲಾಪುರದಿಂದ ಕರೆ ಬಂತು. ಫೋನಿನಲ್ಲೇ ಕಲಿಯುವವರು ಹೆಚ್ಚಿದರು, ಎದುರು ಕೂತು ಕಲಿಯುತ್ತೇವೆಂಬವರೂ ಬಂದರು. ಮಾಸ್ತರರು ಹುಬ್ಬಳ್ಳಿಯಲ್ಲಿ ಒಂದು ಕೋಣೆ ಹಿಡಿದರು. ಹೊರಡುವಾಗ, "ತಂಗೆವ್ವಾ, ನನ್ನ ಹೆಸರು ಹಿಡಿದು ಕರಿಯಾಕತ್ತಾರ," ಎಂದರು.

ಬಾಬುರಾವ್‌ಗೆ ಸಾಂಗ್ಲಿಯಿಂದ ಕೆಲಸ ಬಂತು, ಹೋದ. ದರ್ಜಿ ಅಂಗಡಿ ಹಾಕಿಕೊಂಡ. ಖಾಜಾಸಾಬನನ್ನು ಮದುವೆ ಮನೆಗಳಲ್ಲಿ ಮಂದಿಯನ್ನು ನಗಿಸಲು ಕರೆಯತೊಡಗಿದರು. ಹೋಗಲೋ ಬೇಡವೋ ಎಂದು ಅವನು ಬಹಳ ಒದ್ದಾಡಿದ. ನೀಲಾವತಿಯೇ ಅವನ ಚೀಲ ಕಟ್ಟಿಕೊಟ್ಟಳು.

ಕಂಪನಿ ಬಡವಾಯಿತು. ಹಾರ್ಮೋನಿಯಂ ಜಾಗದಲ್ಲಿ ರೆಕಾರ್ಡು ಹಾಕಿದರು. ಅರಮನೆಯ ಪರದೆ ಹರಿಯಿತು, ಹೊಲಿದರೆ ಕಂಬಗಳು ಸೊಟ್ಟಗೆ ನಿಂತವು. ಅಂದಾನೆಪ್ಪ ಈ ಸಲ ಕೂಗಾಡಲಿಲ್ಲ.

"ನೀ ತೆರೆದ ಬಾಗಿಲಿಂದ ಒಳಗ ಯಾರೂ ಬರ್ಲಿಲ್ಲ, ನೀಲಾ. ನಮ್ಮವರ ಹೊರಗ ಹೋದ್ರು," ಎಂದ.

ಕೂಗಾಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಮೆಲ್ಲಗೆ ಹೇಳಿದ್ದರಿಂದ ಆ ಮಾತು ಎದೆಗೆ ನಾಟಿತು. ಬಣ್ಣದ ಕೋಣೆಯಲ್ಲಿ ಒಬ್ಬಳೇ ಕೂತು ಪುಟ ತೆರೆದಳು. ಮಾಸ್ತರರ ಸಾಲಿನ ಮೇಲೆ ಬೆರಳಿಟ್ಟಳು. ಅಳಿಸುವುದು ಸುಲಭವಿತ್ತು. ಅಳಿಸುವ ಮುಂಚೆ ಒಮ್ಮೆ ನೋಡೋಣವೆಂದು ಅದನ್ನು ಒತ್ತಿದಳು. ಮಾಸ್ತರರು ಒಂದು ಹೆಣ್ಣುಮಗಳ ಬೆರಳು ಹಿಡಿದು ಹಾರ್ಮೋನಿಯಂನ ಒಂದೊಂದೇ ಸ್ವರದ ಮೇಲೆ ಕೂರಿಸುತ್ತಿದ್ದರು. ಕೆಳಗೆ ಅವರ ಹೆಸರು ದಪ್ಪ ಅಕ್ಷರದಲ್ಲಿತ್ತು. ನೀಲಾವತಿ ಆ ಪಾಠವನ್ನು ಕೊನೆಯತನಕ ನೋಡಿದಳು. ಸಾಲನ್ನು ಹಾಗೇ ಬಿಟ್ಟು, ಎದ್ದು ಮುಖ ತೊಳೆದಳು. ಅತ್ತೆಯ ಕುಂಕುಮ ಇಟ್ಟುಕೊಂಡು ರಂಗಕ್ಕೆ ಹೋದಳು. ಆ ದಿನ ಅವಳು ಬೈದಷ್ಟು ಚೆನ್ನಾಗಿ ಹಿಂದೆಂದೂ ಬೈದಿರಲಿಲ್ಲ. ನೋಡಿದವರು ಬೆರಳೆಣಿಕೆಯ ಜನ.

ಕೊನೆಗೆ ಅಂದಾನೆಪ್ಪ ಕಂಪನಿ ಮುಚ್ಚುವುದೆಂದು ತೀರ್ಮಾನಿಸಿದ. ಭಾನುವಾರ ಮಧ್ಯಾಹ್ನದ ಆಟವೇ ಕಡೆಯದು. ನೀಲಾವತಿ ಪುಟದ ನೆತ್ತಿಯ ಮೇಲೆ ಒಂದು ಸಾಲು ಬರೆದಳು: "ಈ ಭಾನುವಾರ ನಮ್ಮ ಕಂಪನಿಯ ಕಡೆಯ ನಾಟಕ." ಹೋದವರಲ್ಲಿ ಯಾರಿಗೂ ಫೋನು ಮಾಡಲಿಲ್ಲ. ಬದುಕು ಕಟ್ಟಿಕೊಳ್ಳುತ್ತಿರುವವರನ್ನು ಕಣ್ಣೀರು ತೋರಿಸಿ ಕರೆಯುವುದು ಅವಳಿಗೆ ಬೇಡವಾಗಿತ್ತು.

ಭಾನುವಾರ ಊಟದ ಹೊತ್ತಿಗೆ ಥಿಯೇಟರಿನ ಮುಂದೆ ಒಂದು ಟೆಂಪೊ ನಿಂತಿತು. ಮುಂದಿನ ಸೀಟಿನಲ್ಲಿ ಹುಚ್ಚಪ್ಪ ಮಾಸ್ತರರು, ತೊಡೆಯ ಮೇಲೆ ಹಾರ್ಮೋನಿಯಂ. ಹಿಂದೆ ಅವರ ಶಿಷ್ಯರು, ಶಿಷ್ಯರ ಅಪ್ಪ ಅವ್ವಂದಿರು. ಅವರು ಇಳಿದು ಮುಗಿಯುವ ಮುಂಚೆ ಒಂದು ಲಾರಿ ಬಂತು. ಬಾಬುರಾವ್ ಹೊಸ ಅರಮನೆಯನ್ನೇ ಬರೆದು ಸುರುಳಿ ಸುತ್ತಿ ತಂದಿದ್ದ, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ದರ್ಜಿ ಉಡುಪಿನ ಗಂಟು ಹೊತ್ತು ಬಂದ. ಖಾಜಾಸಾಬ ತಾನು ನಗಿಸಿದ ಮದುವೆಯ ದಿಬ್ಬಣವನ್ನೇ ಎಬ್ಬಿಸಿಕೊಂಡು ಬಂದಿದ್ದ. ಮದುಮಕ್ಕಳ ಹಣೆಯ ಮೇಲೆ ಅರಿಶಿನ ಹಾಗೇ ಇತ್ತು.

ಆಮೇಲೆ ಎರಡು ಬಸ್ಸು ಬಂದವು. ಬೀದರ್ ಕಡೆಯ ಕಂಪನಿ ತನ್ನ ಬಾಗಿಲಿಗೆ "ಇಂದು ಆಟ ಇಲ್ಲ" ಎಂಬ ಬೋರ್ಡು ಹಾಕಿ, ನಟರನ್ನೂ ಪ್ರೇಕ್ಷಕರನ್ನೂ ತುಂಬಿಕೊಂಡು ಬಂದಿತ್ತು. ಆ ಕಂಪನಿಯ ಧಣಿ ಇಳಿದವನೇ ಅಂದಾನೆಪ್ಪನ ಕೈ ಹಿಡಿದುಕೊಂಡ.

"ನಿಮ್ಮ ನೀಲಾವತಿಯವರ ಪುಟ ನೋಡಿ ನಮ್ಮ ಥಿಯೇಟರ್ ತುಂಬೈತ್ರಿ. ಇವತ್ತು ನಮಗೂ ಒಂದು ಟಿಕೀಟು ಕೊಡ್ರಿ."

ಇಷ್ಟು ಜನ ಯಾಕೆ ಸೇರಿದ್ದಾರೆಂದು ನೋಡಲು ಊರಿನವರೂ ಬಂದರು. ಬಂದವರು ತಿರುಗಿ ಹೋಗಲಿಲ್ಲ. ಕುರ್ಚಿ ತುಂಬಿದವು. ಜಮಖಾನೆ ಹಾಸಿದರು, ಅದೂ ತುಂಬಿತು. ಪಕ್ಕದ ತಗಡುಗಳನ್ನು ಬಿಚ್ಚಿದರು. ಆಟೊಗಳ ಮೇಲೆ ಹತ್ತಿ ನಿಂತರು. ಅಂದಾನೆಪ್ಪನಿಗೆ ತನ್ನ ಥಿಯೇಟರಿನಲ್ಲೇ ನಿಲ್ಲಲು ಜಾಗ ಸಿಗಲಿಲ್ಲ.

ಪರದೆ ಎದ್ದಿತು. ಮಾಸ್ತರರ ಸ್ವರ ಹಿಡಿದು ನೀಲಾವತಿ ರಂಗದ ಮೇಲೆ ಬಂದಳು. ಸೊಂಟದ ಮೇಲೆ ಕೈಯಿಟ್ಟಳು. ಬಾಯಿ ತೆರೆದಳು. ಅವಳಿಗಿಂತ ಮುಂಚೆ ಇಡೀ ಥಿಯೇಟರ್ ಒಂದೇ ದನಿಯಲ್ಲಿ ಆ ಬೈಗುಳವನ್ನು ಬೈಯಿತು. ಅತ್ತೆಯಂದಿರು ಬೈದರು, ಸೊಸೆಯಂದಿರು ಬೈದರು, ಎದುರಾಳಿ ಕಂಪನಿಯ ನಟಿಯರು ಎದ್ದು ನಿಂತು ಬೈದರು. ನೀಲಾವತಿ ಪಾರ್ಟು ಮರೆತಳು. ರಂಗದ ನಡುವೆ ನಿಂತು ಮನಸಾರೆ ನಕ್ಕಳು. ಸಿಳ್ಳೆ ನಿಲ್ಲಲೇ ಇಲ್ಲ.

ಆಟ ಮುಗಿದ ಮೇಲೆ ಅಂದಾನೆಪ್ಪ ವಿದಾಯ ಹೇಳಲು ಮೈಕು ಹಿಡಿದ. ಹೇಳಬೇಕೆಂದು ಕಲಿತು ಬಂದ ಮಾತು ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ, "ನಾಳೆನೂ ನಾಟಕ ಐತ್ರಿ!" ಎಂದು ಕೂಗಿದ. ತಗಡುಗಳೆಲ್ಲ ಝಣಝಣ ಎಂದವು. ಮುಂದಿನ ಕ್ಯಾಂಪಿಗೆ ಮಾಸ್ತರರ ಶಿಷ್ಯರಲ್ಲಿ ಶಿವಮೊಗ್ಗದವರು ಅಲ್ಲೇ ನಿಂತು ಕರೆದರು. ಸೊಲ್ಲಾಪುರದವರು ತಮ್ಮ ಊರಿಗೇ ಮೊದಲು ಬರಬೇಕೆಂದು ಜಗಳಕ್ಕೆ ನಿಂತರು. ಕಂಪನಿ ಇಂದಿಗೂ ನಡೆಯುತ್ತಿದೆ.

ಕತೆ ಮುಗಿಯಿತು. ಮಡಿವಾಳಯ್ಯನ ಮುಖ ಅರಳಿತ್ತು.

"ತಿಳಿಯಿತು ಗುರುಗಳೇ. ಒಬ್ಬರನ್ನು ಕಳಿಸಿದರೆ ಹತ್ತು ಮಂದಿಯಾಗಿ ಹಿಂತಿರುಗುತ್ತಾರೆ. ಇವತ್ತೇ ಅವರಿಬ್ಬರ ಹೆಸರು ಸೇರಿಸುತ್ತೇನೆ," ಎಂದ.

ಗುರುಗಳು ಅವನ ಮುಖವನ್ನೇ ನೋಡಿದರು. ಆಮೇಲೆ ಒಂದೇ ಮಾತು ಹೇಳಿದರು:

"ಆ ಭಾನುವಾರ ಒಬ್ಬರೂ ಬಾರದೆ ಹೋಗಿದ್ದರೂ ನೀಲಾವತಿ ಗೆದ್ದೇ ಇದ್ದಳು, ಮಡಿವಾಳಯ್ಯ."