ನವಿಲಿನ ಕತ್ತಿನ ಕೆಂಪು ಮಣಿ

ಹೊಳೆಯ ದಂಡೆಯ ಮೇಲೆ ಸೂಗಮ್ಮನ ಆಶ್ರಮ. ಆಶ್ರಮ ಎಂದರೆ ದೊಡ್ಡ ಮಾತಾಯಿತು. ಒಂದು ಬೇವಿನ ಮರ, ಎರಡು ಗುಡಿಸಲು, ಒಂದು ಚಾಪೆ.

ಮೋಕ್ಷ ಕೇಳಲು ಅಲ್ಲಿಗೆ ಬರುವವರು ಕಡಿಮೆ. ಹಿರಿಯರ ಪೆಟ್ಟಿಗೆಯಲ್ಲಿ ಸಿಕ್ಕ ಸಾಮಾನು ಹಿಡಿದು, ಇದು ಏನು, ಎಷ್ಟು ಹಳೆಯದು, ಎಷ್ಟು ಬೆಲೆ ಬಾಳುತ್ತದೆ ಎಂದು ಕೇಳಲು ಬರುವವರೇ ಹೆಚ್ಚು. ಆ ಚಾಪೆಯ ಮೇಲೆ ಕೂತು ಹೇಳಿದ ಮಾತಿಗೆ ಎರಡು ದಂಡೆಯ ಊರುಗಳಲ್ಲೂ ಎದುರುಮಾತಿರಲಿಲ್ಲ.

ಶಿಷ್ಯೆ ನೀಲಗಂಗೆ ಏಳು ವರ್ಷ ಆ ಚಾಪೆಯನ್ನು ಝಾಡಿಸಿದ್ದಳು. ಅಂದು ಮೊದಲ ಸಲ ಅದರ ಮೇಲೆ ಕೂರುವವಳಿದ್ದಳು.

"ಮಾಲನಬಿ ಬಿಟ್ಟುಹೋದ ಮಣಿಚೀಲಕ್ಕ ಇವತ್ತು ನೀ ತೀರ್ಪು ಹೇಳು," ಎಂದಿದ್ದಳು ಸೂಗಮ್ಮ. "ಮಧ್ಯಾಹ್ನದ ಹರಗೋಲಿಗೆ ಆಕಿ ಬರ್ತಾಳ."

ಅಂಗೈ ಅಗಲದ ಚೀಲ. ಸಾಸಿವೆಯಷ್ಟು ಗಾಜಿನ ಮಣಿಗಳಲ್ಲಿ ಹೆಣೆದ ನೀಲಿ ನವಿಲು. ಬಾಯಿಗೆ ಹಿತ್ತಾಳೆಯ ಕೊಂಡಿ.

ಮಾಲನಬಿಯ ತಾಯಿ ಸತ್ತಾಗ ಬಿಟ್ಟುಹೋದದ್ದು ಎರಡೇ: ಈ ಚೀಲ, ಒಂದು ಎಮ್ಮೆ. ಹೆಣ್ಣುಮಕ್ಕಳೂ ಇಬ್ಬರೇ. ಚೀಲ ಎಮ್ಮೆಗೆ ಸಮ ಬಂದರೆ ಒಬ್ಬರಿಗೊಂದು. ಬರದಿದ್ದರೆ ಎರಡನ್ನೂ ಮಾರಿ ಪಾಲು. ಮಾಲನಬಿಗೆ ಬೇಕಾದದ್ದು ಚೀಲ. "ಜಾತ್ರ್ಯಾಗ ತಂದ ಚೀಲ ಅದು, ಒಂದು ಕೋಳಿಗೂ ಸಮ ಬರೂದಿಲ್ಲ," ಅನ್ನುತ್ತಿದ್ದಳು ತಂಗಿ.

ಎಮ್ಮೆಯ ವಯಸ್ಸನ್ನು ಹಲ್ಲು ನೋಡಿ ಹೇಳಬಹುದು. ಚೀಲಕ್ಕೆ ಹಲ್ಲಿಲ್ಲ.

ಮುಂಜಾನೆಯೇ ನೀಲಗಂಗೆ ಚೀಲವನ್ನು ಕೆನ್ನೆಗೆ ಒತ್ತಿ ನೋಡಿದ್ದಳು. ತಣ್ಣಗಿತ್ತು, ಅಂದರೆ ಗಾಜೇ. ಮಣಿಗಳು ಒಂದರಂತೆ ಒಂದಿರಲಿಲ್ಲ, ಅಂದರೆ ಹಳೆಯವು. ಒಳಗಿನ ರೇಷ್ಮೆಗೆ ಕೈಹೊಲಿಗೆ. ಎಲ್ಲ ಸರಿ.

ನವಿಲಿನ ಕತ್ತಿನ ಹತ್ತಿರ ಬೆರಳು ನಿಂತಿತು. ಒಂದೇ ಹೊಲಿಗೆಯಲ್ಲಿ ಎರಡು ಮಣಿ: ಒಂದು ನೀಲಿ, ಅದರ ಪಕ್ಕ ಒಂದು ಕೆಂಪು. ಅಲ್ಲಿ ಸಣ್ಣ ಉಬ್ಬು. ಹೆಣೆದವಳ ಎಣಿಕೆ ತಪ್ಪಿತ್ತು.

ಈ ಹೆಣಿಗೆಯ ರೀತಿಯೇ ಹಾಗೆ. ಸಾವಿರಾರು ಮಣಿಗಳನ್ನು ಮೊದಲೇ ದಾರಕ್ಕೆ ಪೋಣಿಸಬೇಕು, ಅದೂ ಕೊನೆಯ ಮಣಿ ಮೊದಲು. ಒಂದು ಹೆಚ್ಚಾದರೆ ದಾರ ಕತ್ತರಿಸುವ ಹಾಗಿಲ್ಲ. ಬಲ್ಲವರು ಮಣಿಯ ತೂತಿಗೆ ದಪ್ಪ ಸೂಜಿ ತೂರಿಸಿ ಒತ್ತುತ್ತಾರೆ. ಗಾಜು ಸಿಡಿಯುತ್ತದೆ, ದಾರ ಉಳಿಯುತ್ತದೆ.

ನೀಲಗಂಗೆ ಬಲ್ಲವಳು. ಒತ್ತಿದಳು. ಚಿಟ್ ಎಂದಿತು.

ನವಿಲಿನ ಕತ್ತು ನುಣುಪಾಯಿತು. ಕುಂದಿಲ್ಲದ ಚೀಲ, ಬೆಲೆ ಏರಿತು, ಮಾಲನಬಿಗೆ ಉಪಕಾರವಾಯಿತು. ಇಷ್ಟೆಲ್ಲ ಸಮಾಧಾನ ಹೇಳಿಕೊಂಡ ಮೇಲೂ ಕೆಂಪು ಚೂರುಗಳನ್ನು ಎಸೆಯಲಾರದೆ, ಕಾಗದದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಒಂದು ಚೂರು ಹೆಬ್ಬೆರಳಲ್ಲಿ ನಾಟಿತ್ತು.

ಸೂಗಮ್ಮ ಹೊಳೆಯಿಂದ ಮಿಂದು ಬಂದಳು.

"ಚೀಲ ನೋಡಿದ್ಯಾ?"

"ನೋಡಿದೆ, ಅವ್ವಾ. ಅರವತ್ತು ವರ್ಷ ದಾಟೇದ. ಕೈಕೆಲಸ."

"ತಪ್ಪು ಎಲ್ಲೈತಿ?"

"ತಪ್ಪಿಲ್ಲ."

"ಕೈಕೆಲಸ ಅಂತಿ. ತಪ್ಪಿಲ್ಲ ಅಂತಿ." ಸೂಗಮ್ಮ ಸೀರೆ ಹಿಂಡಿದಳು. "ಹೆಬ್ಬಟ್ಟಿಗೆ ಏನಾತು?"

"ಏನಿಲ್ಲ. ಮುಳ್ಳು."

ಸೂಗಮ್ಮ ಹಿಂಡಿದ ಸೀರೆಯನ್ನು ಬೇವಿನ ಕೊಂಬೆಗೆ ಹರವಿದಳು. ಬೈದಿದ್ದರೆ ವಾಸಿಯಿತ್ತು.

ಆಚೆ ದಂಡೆಯಿಂದ ಹರಗೋಲು ಹೊರಟಿತು. ಬುಟ್ಟಿಯಂಥ ಆ ದೋಣಿ ಸುತ್ತು ತಿರುಗುತ್ತಾ ಹತ್ತಿರವಾಯಿತು; ನೀಲಗಂಗೆ ಚಾಪೆ ಹಾಸಿ ಕೂತಳು.

ಮಾಲನಬಿ ಕೋಲೂರಿಕೊಂಡು ಬಂದಳು. ಎಪ್ಪತ್ತರ ಹತ್ತಿರದ ಹೆಂಗಸು, ಎರಡೂ ಕಣ್ಣಿಗೆ ಪೊರೆ.

"ಏನವಾ ಹೊಸ ಗುರುವೇ, ನಮ್ಮ ಎಮ್ಮಿ ಗೆದ್ದಿತೋ, ಚೀಲ ಗೆದ್ದಿತೋ?"

"ಚೀಲ," ಎಂದಳು ನೀಲಗಂಗೆ.

"ಕೊಡು ಇಲ್ಲಿ, ನನ್ನ ಬಂಗಾರ."

ಮಾಲನಬಿಯ ಹೆಬ್ಬೆರಳು ನೇರ ನವಿಲಿನ ಕತ್ತಿಗೆ ಹೋಯಿತು. ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು. ಮತ್ತೆ ಹಿಂದಕ್ಕೆ.

"ಇದು ನಂದಲ್ಲ."

"ನಿಮ್ಮದೇ ಅಮ್ಮಾ. ಕೊಂಡಿ ನೋಡ್ರಿ, ರೇಷ್ಮಿ ನೋಡ್ರಿ..."

"ಕೊಂಡಿ ಯಾರ ಚೀಲಕ್ಕ ಇರೂದಿಲ್ಲ? ಇದು ನಂದಲ್ಲ. ಸೂಗವ್ವಾ, ನಿನ್ನ ಚಾಪಿ ನಂಬಿ ಬಿಟ್ಟುಹೋಗಿದ್ದೆ. ಕುರುಡಿ ಅಂತ ಬದಲಿ ಮಾಡಿದ್ರೇನು?"

ಸೂಗಮ್ಮ ಬೇವಿನ ಮರ ನೋಡುತ್ತಾ ಕೂತಿದ್ದಳು.

ಏಳು ವರ್ಷ, ಎರಡು ದಂಡೆಯ ನಂಬಿಕೆ, ಎಲ್ಲವೂ ಸೊಂಟದಲ್ಲಿದ್ದ ಒಂದು ಚೂರು ಕಾಗದಕ್ಕೆ ಬಂದು ನಿಂತಿತ್ತು. ಸುಮ್ಮನಿದ್ದರೆ ಯಾರೂ ತೆಗೆದು ನೋಡುತ್ತಿರಲಿಲ್ಲ.

ನೀಲಗಂಗೆ ಕಾಗದ ಬಿಚ್ಚಿ ಮಾಲನಬಿಯ ಅಂಗೈಗೆ ಸುರಿದಳು.

"ನಾ ಒಡದೆ. ತಪ್ಪು ಅಂತ ತಿಳದು ಒಡದೆ."

ಮಾಲನಬಿ ಚೂರುಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿ ನೋಡಿದಳು.

"ತಪ್ಪೇ ಅದು," ಎಂದಳು ಕೊನೆಗೆ. "ಅವ್ವ ಮಣಿ ಪೋಣಿಸಾಕತ್ತಿದ್ಳಂತ. ನಾ ಅಂಬೆಗಾಲಾಗ ಹೋಗಿ ಆಕಿ ತೊಡಿಮ್ಯಾಲ ಬಿದ್ನಂತ. ಎಣಿಕಿ ತಪ್ತು. ಆ ಕೆಂಪು ಮಣಿ ನೀನ ನೋಡು, ಅಂತಿದ್ಳು."

ಆಚೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು.

"ಬ್ಯಾರೆ ಕೆಂಪು ಮಣಿ ಹಾಕಿ ಹೊಲದು ಕೊಡ್ತೀನಿ," ಎಂದಳು ನೀಲಗಂಗೆ.

"ಅದು ಯಾರ ಮಗಳಂತ?" ಎಂದಳು ಮಾಲನಬಿ.

ನೀಲಗಂಗೆ ಖಾಲಿ ಕಾಗದ ಮಡಚಿದಳು.

"ತೀರ್ಪು ಹೇಳು," ಎಂದಳು ಸೂಗಮ್ಮ. ಕೂತಾಗಿನಿಂದ ಅವಳಾಡಿದ ಮೊದಲ ಮಾತು ಅದು. "ಕೂತಿದ್ದು ಅದಕ್ಕಲ್ಲೇನು?"

ನೀಲಗಂಗೆ ಚಾಪೆಯ ಮೇಲೆ ನೆಟ್ಟಗೆ ಕೂತಳು.

"ಚೀಲ ಹಳೇದು. ಮಾರಾಕ ಹೋದ್ರ ಎಮ್ಮಿಗೆ ಸಮ, ಒಂದು ಕೈ ಮ್ಯಾಲೇ. ಇಟ್ಕೊಳ್ಳಾಕ ಹೋದ್ರ ನಿನ್ನೆಗಿಂತ ಇವತ್ತು ಕಡಿಮಿ. ಕಡಿಮಿ ಮಾಡಿದಾಕಿ ನಾನು."

ಮಾಲನಬಿ ಕೆಂಪು ಚೂರುಗಳನ್ನು ಚೀಲದೊಳಗೆ ಹಾಕಿ ಕೊಂಡಿ ಒತ್ತಿದಳು. ಹೆಬ್ಬೆರಳು ಮತ್ತೆ ನವಿಲಿನ ಕತ್ತಿಗೆ ಹೋಯಿತು. ಮಣಿ ಹೋದ ಕಡೆ ದಾರ ತುಸು ಸಡಿಲವಾಗಿತ್ತು.

"ತಂಗಿ ಎಮ್ಮಿ ಹಿಂಡ್ಕೊಳ್ಳಲಿ," ಎಂದು ಎದ್ದಳು. ನೀಲಗಂಗೆಯ ಕಡೆ ತಿರುಗದೆಯೇ ಹರಗೋಲಿಗೆ ಇಳಿದಳು.

ಹರಗೋಲು ನಡುಹೊಳೆ ದಾಟಿದ ಮೇಲೆ ನೀಲಗಂಗೆ ಚಾಪೆ ಝಾಡಿಸಿ ಸುತ್ತಿದಳು.

"ಅವ್ವಾ, ನಾಳೆ ಇದರ ಮ್ಯಾಲ ನಾ ಕೂಡ್ಲೋ ಬ್ಯಾಡೋ?"

ಸೂಗಮ್ಮ ಅವಳ ಕೈ ಎಳೆದುಕೊಂಡಳು. ಅದೇ ದಪ್ಪ ಸೂಜಿಯ ತುದಿಯಿಂದ ಹೆಬ್ಬೆರಳಿನ ಚೂರು ಎಬ್ಬಿಸಿ, ಅವಳ ಅಂಗೈ ಮೇಲಿಟ್ಟಳು.

"ಕೂಡು. ಇನ್ನಮ್ಯಾಲ ತಪ್ಪು ಕಂಡ್ರ, ಒಡಿಯೂಕಿಂತ ಮೊದಲು ಬಾಗಿಲಾ ಬಡಿ. ಒಳಗ ಯಾರರ ಇದ್ದಾರು."